ಮುಕ್ತ ಹ್ಯಾಂಡ್‌ಹೆಲ್ಡ್ ಯಂತ್ರಗಳಲ್ಲಿ ಯಾವ ಆಟಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ?

ಅಂಗೈಯಗಲದ ತೆರೆ, ಎರಡು ಬದಿಗೆ ಗುಂಡಿಗಳು, ಒಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ, ಅಂಚಿನಲ್ಲಿ ಮೆಮೊರಿ ಕಾರ್ಡ್ ಹಾಕುವ ಸೀಳು, ಇಷ್ಟರಿಂದಲೇ ಆದ ವಿಡಿಯೋ ಗೇಮ್ ಯಂತ್ರಗಳು ಈಚಿನ ವರ್ಷಗಳಲ್ಲಿ ಆನ್‌ಲೈನ್ ಮಳಿಗೆಗಳ ಮೂಲಕ ವಿಜಯಪುರ ನಗರದ ಮನೆಗಳಿಗಷ್ಟೇ ಅಲ್ಲದೆ ತಿಕೋಟಾ, ಬಬಲೇಶ್ವರಗಳ ತೋಟದ ವಸ್ತಿಗಳಿಗೂ ತಲುಪಬಲ್ಲವಾಗಿವೆ. ದೊಡ್ಡ ಸಂಸ್ಥೆಗಳು ತಯಾರಿಸುವ ಕನ್ಸೋಲುಗಳಲ್ಲಿ ಯಾವ ಆಟ ಒಳಗೆ ಬರಬೇಕೆಂಬುದನ್ನು ತಯಾರಕರೇ ನಿರ್ಣಯಿಸುತ್ತಾರೆ. ಈ ಯಂತ್ರಗಳಲ್ಲಿ ಅಂಥ ನಿರ್ಬಂಧವಿಲ್ಲ. ಆಟವನ್ನು ರಚಿಸಬಲ್ಲ ಯಾವನೇ ಆಗಲಿ ಅದನ್ನು ಕಾರ್ಡಿನಲ್ಲಿ ತುಂಬಿ ಆಡಬಹುದು, ಆಡಿಸಬಹುದು. ಹಣ ಕೊಟ್ಟಲ್ಲದೆ ಆಟ ತೆರೆಯದು ಎಂದು ಯಂತ್ರವು ಯಾರನ್ನೂ ತಡೆಯುವುದಿಲ್ಲವಾದುದರಿಂದಲೇ, ಕೊಡಬೇಕೆ ಬೇಡವೆ, ಕೊಡುವುದಾದರೆ ಯಾರಿಗೆ, ಯಾವ ಮಾರ್ಗದಿಂದ ಎಂಬ ಪ್ರಶ್ನೆಗಳನ್ನು ಯಂತ್ರವನ್ನು ಕೊಂಡವರೇ ಬಗೆಹರಿಸಿಕೊಳ್ಳಬೇಕಾಗುತ್ತದೆ. ಅವರ ಅನುಕೂಲಕ್ಕಾಗಿ ಈ ಲೇಖನ.

ಮುಕ್ತವಾದ ಕೈಯಂತ್ರವೆಂಬುದು ಕನ್ನಡನಾಡಿಗೆ ಅಪರಿಚಿತವಾದ ಕಲ್ಪನೆಯೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಎಂಬ ಕಂಪನಿಯ ತಂತ್ರಜ್ಞರೊಡನೆ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿ, ಬಡವರಿಗೂ ಎಟುಕಬೇಕೆಂಬ ಸಂಕಲ್ಪದಿಂದ, ಲಿನಕ್ಸಿನ ಆಧಾರದ ಮೇಲೆ ನಡೆಯುವ, ಸ್ಮಾರ್ಟ್ ಕಾರ್ಡನ್ನು ಓದಬಲ್ಲ ಒಂದು ಕೈಗಣಕವನ್ನು ರೂಪಿಸಿದರು. 2004ರಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರಿನಲ್ಲಿ ಚಲನೆಯನ್ನು ಗ್ರಹಿಸುವ ಸಾಧನವೂ ಇದ್ದು, ಯಂತ್ರವನ್ನೇ ಓರೆಮಾಡಿ ಆಡುವ ಆಟಗಳು ಅದರಲ್ಲಿದ್ದವು. ಐಫೋನ್ ಇನ್ನೂ ಹುಟ್ಟಿರದ ಕಾಲದ ಮಾತಿದು. ಮಾರಾಟದಲ್ಲಿ ಅದು ನಿರೀಕ್ಷಿತ ಫಲವನ್ನು ಪಡೆಯಲಿಲ್ಲವೆಂಬುದು ಖೇದಕರವಾದರೂ, ಅದರ ಪರವಾನಗಿಯ ವಿಧಾನವನ್ನು ನಾವಿಂದು ಸ್ಮರಿಸುವುದು ಉಚಿತ. ಯಂತ್ರದ ವಿನ್ಯಾಸವನ್ನು ನೋಡಿ ಅಭ್ಯಾಸಮಾಡುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ; ಅದನ್ನು ತಯಾರಿಸಿ ಮಾರಬೇಕೆನ್ನುವವನು ಮಾತ್ರ ಟ್ರಸ್ಟಿಗೆ ಶುಲ್ಕ ಸಲ್ಲಿಸಬೇಕಾಗಿತ್ತು. ಅನುಮತಿಯ ವಿಚಾರ ಬೇರೆ, ಬೆಲೆಯ ವಿಚಾರ ಬೇರೆ ಎಂಬ ಈ ವಿವೇಕವೇ ಮುಂದಿನ ಎಲ್ಲ ಹೆಜ್ಜೆಗಳಿಗೂ ಆಧಾರ.

ಮೊದಲನೆಯ ಹೆಜ್ಜೆ: ಯಂತ್ರದೊಡನೆ ಬಂದ ಕಾರ್ಡನ್ನು ಬದಿಗಿರಿಸುವುದು

ಅಗ್ಗದ ಹ್ಯಾಂಡ್‌ಹೆಲ್ಡುಗಳನ್ನು ಮಾರುವವರು ಸಾವಿರಾರು ಆಟಗಳು ಉಚಿತವೆಂದು ಘೋಷಿಸುವುದುಂಟು. ಇವುಗಳಲ್ಲಿ ಬಹುಪಾಲು ಹಳೆಯ ನಿಂಟೆಂಡೊ, ಸೆಗಾ, ಪ್ಲೇಸ್ಟೇಷನ್ ಯಂತ್ರಗಳ ಆಟಗಳಾಗಿದ್ದು, ಹಕ್ಕುದಾರರ ಸಮ್ಮತಿಯಿಲ್ಲದೆ ನಕಲು ಮಾಡಿದಂಥವು. ಇವು ಮುಕ್ತ ತಂತ್ರಾಂಶವೂ ಅಲ್ಲ, ಕರ್ತೃಗಳು ಪ್ರೀತಿಯಿಂದ ಹಂಚಿದ ಕೊಡುಗೆಯೂ ಅಲ್ಲ. ಗಣಕ ಪ್ರೋಗ್ರಾಮಿನ ಅನಧಿಕೃತ ಪ್ರತಿಯನ್ನು ತಿಳಿದೂ ತಿಳಿದೂ ಬಳಸುವುದನ್ನು 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕರಣವು ಅಪರಾಧವೆಂದು ಪರಿಗಣಿಸುತ್ತದೆ. ಮಕ್ಕಳ ಕೈಗೆ ಕೊಡುವ ವಸ್ತುವಾದುದರಿಂದ ಹಿರಿಯರು ಇದನ್ನು ಲಘುವಾಗಿ ಕಾಣಬಾರದೆಂದು ನನ್ನ ಪ್ರಾರ್ಥನೆ. ಕಾನೂನಿನ ಮಾತನ್ನು ಬಿಟ್ಟರೂ, ಒಡನೆ ಬರುವ ಕಾರ್ಡುಗಳು ಅನೇಕ ವೇಳೆ ಕಳಪೆಯಾಗಿದ್ದು ಬಹುಕಾಲ ಬಾಳುವುದಿಲ್ಲ. ಪರಿಚಿತ ಕಂಪನಿಯ ಕಾರ್ಡೊಂದನ್ನು ಬಿಲ್ಲು ಪಡೆದು ಕೊಂಡು, ಯಂತ್ರದ ಮಾದರಿಗೆ ಹೊಂದುವ ರಾಕ್‌ನಿಕ್ಸ್ ಮೊದಲಾದ ಸಮುದಾಯ ನಿರ್ಮಿತ ವ್ಯವಸ್ಥೆಯನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಹೊಸದಾಗಿ ಆರಂಭಿಸುವುದು ಲೇಸು. ಮಾದರಿಯ ಹೆಸರು ಒಂದೇ ಆಗಿದ್ದರೂ ಒಳಗಿನ ತೆರೆಯ ಫಲಕ ಬೇರೆಯಿರುವ ನಕಲಿ ಯಂತ್ರಗಳಿರುವುದರಿಂದ, ಹಳೆಯ ಕಾರ್ಡಿನ ಪೂರ್ಣ ಪ್ರತಿಯೊಂದನ್ನು ಕಂಪ್ಯೂಟರಿನಲ್ಲಿ ತೆಗೆದಿಟ್ಟುಕೊಳ್ಳದೆ ಈ ಕಾರ್ಯಕ್ಕೆ ಕೈಹಾಕಬಾರದು.

ಎರಡನೆಯ ಹೆಜ್ಜೆ: ಪರವಾನಗಿಯನ್ನು ಓದುವುದು

ಪ್ರತಿಯೊಂದು ಆಟದ ವಿಷಯದಲ್ಲಿಯೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು: ಇದರ ಬೆಲೆಯೆಷ್ಟು? ಪಡೆದವನಿಗೆ ಇದರಿಂದ ಏನೇನು ಮಾಡಲು ಅನುಮತಿಯಿದೆ? ಮೊದಲನೆಯದರ ಉತ್ತರವನ್ನು ನೋಡಿ ಎರಡನೆಯದನ್ನು ಊಹಿಸುವುದರಿಂದಲೇ ಬಹಳ ಜನ ತೊಡಕಿಗೆ ಸಿಲುಕುತ್ತಾರೆ.

ಬೆಲೆಯೂ ಇಲ್ಲದೆ, ನಕಲು ಮಾಡಿ ಹಂಚುವುದಕ್ಕೂ ತಿದ್ದುವುದಕ್ಕೂ ಪೂರ್ಣ ಅನುಮತಿಯಿರುವ ಆಟಗಳಿಗೆ 2003ರಿಂದ ಬೆಳೆದುಬಂದಿರುವ ಬ್ಯಾಟಲ್ ಫಾರ್ ವೆಸ್ನೋತ್ ಉತ್ತಮ ನಿದರ್ಶನ; ಸೂಪರ್‌ಟಕ್ಸ್ ಅದೇ ವರ್ಗದ್ದು. ಬೆಲೆಯಿಲ್ಲದಿದ್ದರೂ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕರ್ತೃ ತನ್ನಲ್ಲಿಯೇ ಇರಿಸಿಕೊಂಡ ಆಟಗಳೂ ಹೇರಳ. ಅವನ್ನು ಆಡಬಹುದೇ ವಿನಾ ಕರ್ತೃವಿನ ಅನುಮತಿಯಿಲ್ಲದೆ ಗೆಳೆಯರಿಗೆ ಪ್ರತಿಮಾಡಿ ಕೊಡುವಂತಿಲ್ಲ. ಇದಕ್ಕೆ ವಿಪರ್ಯಯವಾದ ಮೂರನೆಯ ವರ್ಗವೊಂದಿದೆ, ಮತ್ತು ಅದು ನನಗೆ ಅತ್ಯಂತ ಆದರಣೀಯವಾಗಿ ಕಾಣುತ್ತದೆ. ಮಿಂಡಸ್ಟ್ರಿ ಎಂಬ ಆಟದ ಸಂಕೇತವು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿದೆ, ಇಚ್.ಐಓ ತಾಣದಲ್ಲಿ ನಮಗೆ ತೋಚಿದಷ್ಟು ಕೊಟ್ಟು ಅಥವಾ ಏನನ್ನೂ ಕೊಡದೆ ಅದನ್ನು ಪಡೆಯಬಹುದು, ಆದರೆ ಸ್ಟೀಮ್ ಮಳಿಗೆಯಲ್ಲಿ ಅದಕ್ಕೆ ಬೆಲೆಯುಂಟು. ವಾಟಬೌ ಎಂಬ ಹೆಸರಿನ ಕರ್ತೃ ತನ್ನ ಪಿಕ್ಸೆಲ್ ಡಂಜನ್ ಆಟದ ಸಂಕೇತವನ್ನು ಬಿಡುಗಡೆ ಮಾಡಿದ ಮೇಲೆ ಇವಾನ್ ಡೆಬೆನ್‌ಹ್ಯಾಮ್ ಎಂಬಾತನು ಅದರ ಮೇಲೆಯೇ ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಎಂಬ ಹೊಸ ಆಟವನ್ನು ಕಟ್ಟಿ, ಆಂಡ್ರಾಯ್ಡಿನಲ್ಲಿ ಉಚಿತವಾಗಿಯೂ ಸ್ಟೀಮಿನಲ್ಲಿ ಬೆಲೆಗೂ ಕೊಡುತ್ತಿದ್ದಾನೆ. ಮುಕ್ತ ತಂತ್ರಾಂಶವನ್ನು ಮಾರಬಾರದೆಂಬ ನಿಯಮ ಎಂದೂ ಇರಲಿಲ್ಲ. ರಿಚರ್ಡ್ ಸ್ಟಾಲ್‌ಮನ್ನರು 1989ರಲ್ಲಿ ಹೊರತಂದ ಜಿಪಿಎಲ್ ಪರವಾನಗಿಯು ಮಾರಾಟವನ್ನು ಸ್ಪಷ್ಟವಾಗಿ ಸಮ್ಮತಿಸುತ್ತದೆ. ನಾಲ್ಕನೆಯದು, ಬೆಲೆಯೂ ಉಂಟು, ಸಂಕೇತವೂ ಮುಚ್ಚಿದೆ ಎಂಬ ವರ್ಗ. ಎರಿಕ್ ಬರೋನ್ ಎಂಬ ತರುಣನು ಸುಮಾರು ನಾಲ್ಕೂವರೆ ವರ್ಷ ಏಕಾಂಗಿಯಾಗಿ ದುಡಿದು 2016ರಲ್ಲಿ ಹೊರತಂದ, ಒಕ್ಕಲುತನವನ್ನೇ ವಸ್ತುವಾಗಿ ಉಳ್ಳ ಸ್ಟಾರ್‌ಡ್ಯೂ ವ್ಯಾಲಿ ಈ ವರ್ಗಕ್ಕೆ ಸೇರಿದ್ದು.

ಇವುಗಳ ನಡುವೆ ಮಿಶ್ರವಾದವೂ ಇವೆ. ಡೂಮ್ ಆಟದ ಸಂಕೇತವು 1997ರಲ್ಲಿ ಪ್ರಕಟವಾಗಿ 1999ರಲ್ಲಿ ಜಿಪಿಎಲ್‌ಗೆ ಒಳಪಟ್ಟಿತಾದರೂ ಪೂರ್ಣ ಆಟದ ಚಿತ್ರಗಳು, ಸದ್ದುಗಳು, ರಂಗಗಳು ಇಂದಿಗೂ ಕೊಂಡೇ ಪಡೆಯಬೇಕಾದವು. ಕೊಳ್ಳಲೊಲ್ಲದವರಿಗೆ ಫ್ರೀಡೂಮ್ ಎಂಬ ಯೋಜನೆಯು ಅವುಗಳ ಸ್ಥಾನದಲ್ಲಿ ಮುಕ್ತವಾದ ಬೇರೆ ಸಾಮಗ್ರಿಯನ್ನು ಒದಗಿಸುತ್ತದೆ. ಲಿನಕ್ಸ್ ಹ್ಯಾಂಡ್‌ಹೆಲ್ಡುಗಳಿಗೆ ಆಟಗಳನ್ನು ಅಳವಡಿಸಿಕೊಡುವ ಪೋರ್ಟ್‌ಮಾಸ್ಟರ್ ಎಂಬ ಉಪಕರಣವು, ಹಾಗೆಯೇ ಆಡಬಹುದಾದವು ಯಾವುವು, ನಾವು ಕೊಂಡಿರುವ ಪ್ರತಿಯ ಕಡತಗಳನ್ನು ತಂದು ಸೇರಿಸಬೇಕಾದವು ಯಾವುವು ಎಂಬುದನ್ನು ವಿಂಗಡಿಸಿ ತೋರಿಸುವುದರಿಂದ ಹೊಸಬರಿಗೆ ಅದೇ ಉತ್ತಮ ಮಾರ್ಗದರ್ಶಿ.

ಕೊಡದೆಯೇ ಸಿಗುವುದಕ್ಕೆ ಏಕೆ ಕೊಡಬೇಕು?

ಈ ಪ್ರಶ್ನೆಗೆ ಉತ್ತರವನ್ನು ವಿಜಯಪುರದವರು ದೂರದಿಂದ ತರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ವಚನಗಳಿಗೆ ಒಡೆಯರೆಂಬವರು ಯಾರೂ ಇರಲಿಲ್ಲ. ತಾಳೆಗರಿಯಿಂದ ಅವನ್ನು ಯಾರು ಬೇಕಾದರೂ ಪ್ರತಿಮಾಡಿಕೊಳ್ಳಬಹುದಾಗಿತ್ತು. ಆದರೂ ಅವನ್ನು ಊರೂರು ತಿರುಗಿ ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, ಶುದ್ಧಮಾಡಿ, ಅಚ್ಚಿಗೆ ಕೊಡುವ ಕಾರ್ಯಕ್ಕೆ ಹಣ ಬೇಕಾಗಿತ್ತು, ಆಯುಸ್ಸು ಬೇಕಾಗಿತ್ತು. ಈ ನಗರದಲ್ಲಿ ವಕೀಲಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, ಬಳಿಕ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣದ ವ್ಯಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಶಿವಾನುಭವಕ್ಕೆ ಚಂದಾ ಕಟ್ಟಿದವನು ವಚನಗಳನ್ನು ತನ್ನ ಸ್ವತ್ತಾಗಿ ಕೊಂಡವನಲ್ಲ, ಎಲ್ಲರ ಸ್ವತ್ತಾದುದು ಎಲ್ಲರಿಗೂ ಮುಟ್ಟುವ ಕಾರ್ಯದಲ್ಲಿ ತನ್ನ ಪಾಲನ್ನು ಸಲ್ಲಿಸಿದವನು. ಅಂಥ ಚಂದಾದಾರರು ಇನ್ನಷ್ಟು ಮಂದಿ ಇದ್ದಿದ್ದರೆ ಆ ಮಹನೀಯರು ಮನೆಯನ್ನು ಮಾರಬೇಕಾಗುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. ಮುಕ್ತ ಆಟಕ್ಕೆ ಕೊಡುವ ನೂರು ರೂಪಾಯಿಯೂ ಇದೇ ಜಾತಿಯದು. ಇಂದು ಅವರ ಹೆಸರನ್ನು ಹೊತ್ತ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ತರುಣರು, ನಾಳೆ ತಾವೇ ಆಟವನ್ನು ರಚಿಸಿ ಹಂಚಬಹುದಾದವರು, ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯ ಹೆಜ್ಜೆ: ಆಟವು ಯಂತ್ರಕ್ಕೆ ಹೊಂದುವುದೆ ಎಂದು ನೋಡುವುದು

ಅಗ್ಗದ ಹ್ಯಾಂಡ್‌ಹೆಲ್ಡುಗಳಲ್ಲಿರುವುದು ಮೊಬೈಲ್ ಫೋನಿನಲ್ಲಿರುವಂಥ ಆರ್ಮ್ ಜಾತಿಯ ಪ್ರೊಸೆಸರ್. ಮಳಿಗೆಗಳಲ್ಲಿ ವಿಂಡೋಸಿಗೆಂದೋ ಲಿನಕ್ಸಿಗೆಂದೋ ಮಾರುವ ಆಟಗಳು ಸಾಮಾನ್ಯವಾಗಿ ಮೇಜಿನ ಕಂಪ್ಯೂಟರಿನ ಪ್ರೊಸೆಸರಿಗಾಗಿ ಸಿದ್ಧವಾದಂಥವು. ಪುಟದಲ್ಲಿ ಲಿನಕ್ಸ್ ಎಂದು ಬರೆದಿದೆಯೆಂದು ಕೊಂಡುಬಿಟ್ಟರೆ ಹಣ ವ್ಯರ್ಥವಾದೀತು. ಹೀಗಾಗಿ ಪೋರ್ಟ್‌ಮಾಸ್ಟರ್ ಪಟ್ಟಿಯಲ್ಲಿ ಆಟದ ಹೆಸರಿದೆಯೆ, ಯಾವ ಮಳಿಗೆಯ ಯಾವ ಆವೃತ್ತಿಯ ಕಡತಗಳನ್ನು ಅದು ಕೇಳುತ್ತದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಕೊಳ್ಳಬೇಕು.

ಇದಕ್ಕಿಂತ ಸುಲಭವಾದ ದಾರಿಯೆಂದರೆ ಹಳೆಯ ಗೇಮ್ ಬಾಯ್ ಯಂತ್ರಕ್ಕಾಗಿ ಇಂದಿನವರು ಹೊಸದಾಗಿ ರಚಿಸಿ ಇಚ್.ಐಓದಲ್ಲಿ ಇರಿಸಿರುವ ಆಟಗಳು. ಇವು ಯಾವ ಹ್ಯಾಂಡ್‌ಹೆಲ್ಡಿನಲ್ಲಿಯಾದರೂ ನಡೆಯುತ್ತವೆ. ಇವನ್ನು ರಚಿಸಲು ನೆರವಾಗುವ ಜಿಬಿ ಸ್ಟುಡಿಯೋ ಸ್ವತಃ ಮುಕ್ತ ತಂತ್ರಾಂಶ. ತಾನೇ ಆಟ ಮಾಡಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗಳಿಗೆ ಇನ್ನೆರಡು ಸಾಧನಗಳಿವೆ. ಪಿಕೋ-8 ಎಂಬುದು ಜೋಸೆಫ್ ವೈಟ್ ಎಂಬಾತನ ಸೃಷ್ಟಿ, ಒಮ್ಮೆ 14.99 ಡಾಲರ್ ಕೊಟ್ಟು ಕೊಳ್ಳತಕ್ಕದ್ದು. ತೆರೆ 128 ಬಿಂದುಗಳ ಚೌಕ, ಬಣ್ಣ 16. ನಾಲ್ಕೇ ದಿನಗಳಲ್ಲಿ ಇದರಲ್ಲಿ ರಚಿತವಾಗಿ ಉಚಿತವಾಗಿ ಹಂಚಲ್ಪಟ್ಟ ಸೆಲೆಸ್ಟ್ ಎಂಬ ಪುಟ್ಟ ಆಟವೇ ಬೆಳೆದು 2018ರಲ್ಲಿ ಬೆಲೆಯುಳ್ಳ ದೊಡ್ಡ ಆಟವಾಗಿ ಹೊರಬಂದು ಲೋಕಪ್ರಸಿದ್ಧವಾಯಿತು. ಟಿಕ್-80 ಎಂಬುದು ಅದೇ ಬಗೆಯದಾದರೂ ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ. ಅದರ ಪ್ರೊ ಆವೃತ್ತಿಗೆ ಬೆಲೆಯಿದೆ. ಆದರೆ ಸಂಕೇತ ತೆರೆದೇ ಇರುವುದರಿಂದ ಕಟ್ಟಿಕೊಳ್ಳಬಲ್ಲವನು ಪ್ರೊ ಆವೃತ್ತಿಯನ್ನು ತಾನೇ ಕಟ್ಟಿಕೊಳ್ಳಬಹುದು. ಕಲಿಯುವ ಮಗುವಿಗೆ ಟಿಕ್-80ರಿಂದ ಆರಂಭಿಸಿ, ಅಭಿರುಚಿ ನೆಲೆಗೊಂಡ ಮೇಲೆ ಪಿಕೋ-8ನ್ನು ಕೊಡಿಸುವುದೇ ಯೋಗ್ಯವೆಂದು ನನ್ನ ಅಭಿಪ್ರಾಯ.

ನಾಲ್ಕನೆಯ ಹೆಜ್ಜೆ: ಹಣ ಸಲ್ಲಿಸುವುದು

ಸ್ಟೀಮ್ ಮಳಿಗೆಯಲ್ಲಿ ಬೆಲೆ ರೂಪಾಯಿಗಳಲ್ಲಿದ್ದು ಯುಪಿಐ ಮೂಲಕ ಸಲ್ಲಿಸಬಹುದಾದುದರಿಂದ ಹಳ್ಳಿಯ ಖಾತೆದಾರರಿಗೂ ತೊಂದರೆಯಿಲ್ಲ. ಕೊಂಡು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಬಹುದು. ಇಚ್.ಐಓದಂಥ ವಿದೇಶೀ ತಾಣಗಳಲ್ಲಿ ಡಾಲರಿನಲ್ಲಿ ಕೊಡಬೇಕಾಗಿದ್ದು, 2020ರ ರಿಸರ್ವ್ ಬ್ಯಾಂಕ್ ನಿಯಮದ ಮೇರೆಗೆ ಹೊಸ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ವ್ಯವಹಾರವು ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆದು, ಸಣ್ಣದೊಂದು ಮಿತಿಯನ್ನು ನಿಗದಿಮಾಡಿ, ಕೊಂಡ ಕೂಡಲೇ ಮತ್ತೆ ಮುಚ್ಚಬೇಕು. ವಿದೇಶೀ ವಿನಿಮಯದ ಮೇಲೆ ಬ್ಯಾಂಕು ವಿಧಿಸುವ ಶುಲ್ಕವನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದೊಂದಾಗಿ ಕೊಳ್ಳುವುದರ ಬದಲು ಹಲವು ಆಟಗಳ ಕಟ್ಟನ್ನು ಒಮ್ಮೆಗೇ ಕೊಳ್ಳುವುದು ಮಿತವ್ಯಯಕರ.

ಕರ್ತೃವಿಗೆ ಮುಟ್ಟುವ ಪಾಲು ಎಲ್ಲೆಡೆಯೂ ಒಂದೇ ಅಲ್ಲ. ಸ್ಟೀಮ್ ಸಾಮಾನ್ಯವಾಗಿ ನೂರಕ್ಕೆ 30ನ್ನು ಇಟ್ಟುಕೊಳ್ಳುತ್ತದೆ, ಇಚ್.ಐಓದಲ್ಲಿ ತಾಣದ ಪಾಲೆಷ್ಟೆಂಬುದನ್ನು ಕರ್ತೃವೇ ನಿರ್ಧರಿಸಬಹುದಾಗಿದ್ದು, ರೂಢಿಯಲ್ಲಿರುವುದು ನೂರಕ್ಕೆ 10. ಒಬ್ಬಂಟಿ ಕರ್ತೃವಿನ ಆಟ ಎರಡೂ ಕಡೆ ದೊರೆಯುವುದಾದರೆ ನಾನು ಎರಡನೆಯದನ್ನೇ ಸೂಚಿಸುವೆನು. ಅಲ್ಲಿಯ ಕಡತಗಳಿಗೆ ಸಾಮಾನ್ಯವಾಗಿ ನಕಲು ತಡೆಯಿರದ ಕಾರಣ ಕಾರ್ಡಿಗೆ ಒಯ್ಯುವುದೂ ಸುಲಭ. ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯಿಂದ ಕೆಲವರು ಭಯಪಟ್ಟಿದ್ದಾರೆ. ಅದು ನಿಷೇಧಿಸಿದ್ದು ಹಣವನ್ನು ಪಣವಾಗಿಟ್ಟು ಆಡುವುದನ್ನೇ ಹೊರತು ಆಟವೊಂದನ್ನು ಬೆಲೆಕೊಟ್ಟು ಕೊಳ್ಳುವುದನ್ನಲ್ಲ.

ಐದನೆಯ ಹೆಜ್ಜೆ: ಕಾರ್ಡಿಗೆ ತುಂಬುವುದು

ತಿಕೋಟಾ, ಬಬಲೇಶ್ವರಗಳ ಸುತ್ತಣ ದ್ರಾಕ್ಷಿ ತೋಟಗಳ ವಸ್ತಿಯಲ್ಲಿ ಇರುವವರು ದೊಡ್ಡ ಕಡತಗಳನ್ನು ಮೊಬೈಲ್ ಜಾಲದಿಂದ ಇಳಿಸಲು ಹೆಣಗುವುದಕ್ಕಿಂತ, ನಗರಕ್ಕೆ ಬಂದಾಗ ಬಂಧುಗಳ ಅಥವಾ ಗೆಳೆಯರ ಮನೆಯ ಕಂಪ್ಯೂಟರಿನಲ್ಲಿ ಇಳಿಸಿ, ಕಾರ್ಡಿಗೆ ಹಾಕಿಕೊಂಡು ಹೋಗುವುದು ಮೇಲು. ಆಡುವುದಕ್ಕೆ ಅಂತರ್ಜಾಲದ ಅಗತ್ಯವೇ ಇಲ್ಲದಿರುವುದು ಈ ಯಂತ್ರಗಳ ದೊಡ್ಡ ಗುಣ. ಮುಕ್ತ ಆಟಗಳನ್ನು ಪರವಾನಗಿಯ ಕಡತದ ಸಹಿತವಾಗಿ ನೆರೆಯವರ ಕಾರ್ಡಿಗೂ ಧಾರಾಳವಾಗಿ ಪ್ರತಿಮಾಡಿ ಕೊಡಬಹುದು. ಕೊಂಡ ಆಟಗಳನ್ನು ಬೇರೆಯದೇ ಫೋಲ್ಡರಿನಲ್ಲಿ ಇರಿಸಿದರೆ, ಹಂಚುವಾಗ ಕಣ್ತಪ್ಪಿನಿಂದ ಅವೂ ಕೂಡಿ ಹೋಗುವುದಿಲ್ಲ. ಖರೀದಿಗೆ ಮನೆಯವರದೇ ಇಮೇಲ್ ವಿಳಾಸವನ್ನು ಕೊಡತಕ್ಕದ್ದು. ಕಾರ್ಡು ಕೆಟ್ಟರೆ ಅದೇ ವಿಳಾಸದ ಮೂಲಕ ಆಟವನ್ನು ಮತ್ತೆ ಇಳಿಸಿಕೊಳ್ಳಬಹುದು.

ಆರನೆಯ ಹೆಜ್ಜೆ: ಹಣವಿಲ್ಲದವರು ಸಲ್ಲಿಸಬಹುದಾದುದು

ಎಲ್ಲರ ಕೈಯಲ್ಲಿಯೂ ಹಣವಿರುವುದಿಲ್ಲ. ಮುಕ್ತ ಯೋಜನೆಗಳು ಅದನ್ನು ನಿರೀಕ್ಷಿಸುವುದೂ ಇಲ್ಲ. ಆಟದ ಸಂಭಾಷಣೆಗಳನ್ನು ಕನ್ನಡಕ್ಕೆ ತರುವುದು, ದೋಷ ಕಂಡಲ್ಲಿ ಅದನ್ನು ಕರ್ತೃಗಳಿಗೆ ತಿಳಿಸುವುದು, ಇವೂ ಅವರಿಗೆ ಹಣದಷ್ಟೇ ಉಪಯುಕ್ತ. ದೋಷವನ್ನು ತಿಳಿಸುವಾಗ ಯಂತ್ರದ ಮಾದರಿ, ಅದರಲ್ಲಿರುವ ವ್ಯವಸ್ಥೆಯ ಹೆಸರು ಮತ್ತು ಆವೃತ್ತಿ, ಆಟದ ಆವೃತ್ತಿ, ಯಾವ ಗುಂಡಿಯನ್ನು ಒತ್ತಿದಾಗ ಏನಾಯಿತು, ಮತ್ತೊಮ್ಮೆ ಆಡಿದಾಗಲೂ ಹಾಗೆಯೇ ಆಯಿತೆ ಎಂಬಿಷ್ಟನ್ನು ಬರೆದರೆ ಸಾಕು.