ಪುಸ್ತಕದಲ್ಲಿ ಮಾತ್ರ ನಾಲ್ಕು ಡಿಗ್ರಿ

ನಮ್ಮೂರ ಡೈರಿಗೆ ನಾನು ಕಾರ್ಯದರ್ಶಿಯಾಗಿ ಹನ್ನೊಂದು ವರ್ಷವಾಯಿತು. ಒಂಬತ್ತನೇ ವರ್ಷದ ಏಪ್ರಿಲ್‌ವರೆಗೂ ನನ್ನಷ್ಟು ಶಿಸ್ತಿನವಳು ತಿಪಟೂರು ಸೀಮೆಯಲ್ಲೇ ಇಲ್ಲ ಎಂದುಕೊಂಡಿದ್ದೆ. ಲೆಕ್ಕದಲ್ಲಿ ಪೈಸೆ ವ್ಯತ್ಯಾಸವಿಲ್ಲ, ಬಟವಾಡೆ ಒಂದು ದಿನ ತಡವಿಲ್ಲ. ನನ್ನನ್ನು ಕೇಳದೆ ಹತ್ತು ರೂಪಾಯಿಯೂ ಆಚೆ ಹೋಗಬಾರದು ಎಂಬುದು ನಾನೇ ಮಾಡಿದ ಕಾನೂನು.

ಸುತ್ತಲಿನ ನಾಲ್ಕು ಊರಿನ ಹಾಲು ನಮ್ಮ ಬಲ್ಕ್ ಕೂಲರ್‌ಗೇ ಬರುತ್ತದೆ. ಕರೆದ ಬಿಸಿ ಆರದ ಹಾಲನ್ನು 4 ಡಿಗ್ರಿಗೆ ಇಳಿಸಿಟ್ಟರೆ ಟ್ಯಾಂಕರ್ ಬರುವವರೆಗೆ ಭಯವಿಲ್ಲ. ಸಂಜೆ, ರಾತ್ರಿ, ಬೆಳಿಗ್ಗೆ ಎಷ್ಟು ಡಿಗ್ರಿ ಇದೆಯೆಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾನು ಬರೆಯುತ್ತಿದ್ದೆ, ನೋಡುತ್ತಿರಲಿಲ್ಲ. ಶನಿವಾರ ಕೂತು ಇಡೀ ವಾರದ್ದನ್ನು 4, 4, 4 ಎಂದು ತುಂಬುತ್ತಿದ್ದೆ. ತಿಂಗಳಿಗೊಮ್ಮೆ ಬರುತ್ತಿದ್ದ ಸೂಪರ್‌ವೈಸರ್ ಆ ಪುಟದ ಕೆಳಗೆ ಕೆಂಪು ಇಂಕಿನಲ್ಲಿ ರುಜು ಹಾಕಿ, ಟೀ ಕುಡಿದು ಹೋಗುತ್ತಿದ್ದರು. ಮೂವತ್ತು ದಿನವೂ ಒಂದೇ ಅಂಕಿ, ಒಂದೇ ಪೆನ್ನು. ಅನುಮಾನ ಬರಬೇಡವೇ? ತಪ್ಪು ನನ್ನದೇ, ಒಪ್ಪಿದೆ. ಆದರೂ ಆ ಮನುಷ್ಯ ಒಂದು ಸಲ ಟ್ಯಾಂಕಿನ ಕಡೆ ಕತ್ತು ಹೊರಳಿಸಿದ್ದರೆ... ಇರಲಿ.

ಆ ಏಪ್ರಿಲ್‌ನಲ್ಲಿ ಒಂದು ದಿನ ಅರಸೀಕೆರೆಯಲ್ಲಿ ತಂಗಿ ಮಗಳ ನಿಶ್ಚಿತಾರ್ಥ. ಎರಡು ದಿನ ಮೊದಲೇ ನಮ್ಮ ಸಹಾಯಕ ಹುಡುಗ, "ಅಕ್ಕಾ, ಜನರೇಟರ್‌ನಲ್ಲಿ ಡೀಸೆಲ್ ತಳ ಕಂಡೈತೆ" ಎಂದಿದ್ದ. "ಸೋಮವಾರ ವೋಚರ್ ಮಾಡೋಣ ಬಿಡೋ" ಎಂದು ಹೊರಟುಬಿಟ್ಟೆ. ಸಂಜೆ ಏಳೂಕಾಲಿಗೆ ಗಾಳಿಮಳೆಗೆ ಕರೆಂಟು ಹೋಯಿತು. ಆಗಷ್ಟೇ 1,120 ಲೀಟರ್ ಹಾಲು ಟ್ಯಾಂಕಿಗೆ ಬಿದ್ದಿತ್ತು, ತಣ್ಣಗಾಗಲು ಶುರುವೂ ಆಗಿರಲಿಲ್ಲ. ಜನರೇಟರ್ ಹತ್ತು ನಿಮಿಷ ಕೆಮ್ಮಿ ನಿಂತಿತು. ಹುಡುಗ ನನಗೆ ಏಳು ಸಲ ಫೋನ್ ಮಾಡಿದ್ದಾನೆ. ಫೋನು ಬ್ಯಾಗಿನಲ್ಲಿ, ಬ್ಯಾಗು ತಂಗಿಯ ಬೀರುವಿನಲ್ಲಿ. ಕೈಯಿಂದ ದುಡ್ಡು ಹಾಕಿ ಅವನೇ ಡೀಸೆಲ್ ತರಬಹುದಿತ್ತಲ್ಲ ಎನ್ನಬೇಡಿ. ಹಿಂದಿನ ವರ್ಷ ನನ್ನನ್ನು ಕೇಳದೆ ಕ್ಯಾನು ತೊಳೆಯುವ ಬ್ರಷ್ ತಂದನೆಂದು ಅದರ 90 ರೂಪಾಯಿಯನ್ನು ಅವನ ಸಂಬಳದಲ್ಲೇ ಮುರಿದಿದ್ದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದಾಗ ಆರೂವರೆ. ಡೈರಿ ಮುಂದೆ ಕ್ಯೂ ಇಲ್ಲ, ಜನ ಗುಂಪಾಗಿ ನಿಂತಿದ್ದಾರೆ. ಒಳಗೆ ಕಾಲಿಡುತ್ತಲೇ ಹುಳಿ ವಾಸನೆ. ಥರ್ಮಾಮೀಟರ್‌ನಲ್ಲಿ 27. ಟೆಸ್ಟ್ ಟ್ಯೂಬಿಗೆ ಸ್ವಲ್ಪ ಹಾಲು ಹಾಕಿ ಕುದಿಯುವ ನೀರಿಗಿಳಿಸಿದೆ. ನೋಡನೋಡುತ್ತ ಗಡ್ಡೆ ಕಟ್ಟಿತು. ಮತ್ತೊಂದು ಟ್ಯೂಬು ತಗೊಂಡೆ, ಅದೂ ಹಾಗೇ. ಮೂರನೆಯದಕ್ಕೆ ಕೈ ನಡುಗಿ ಟ್ಯೂಬು ಕೆಳಗೆ ಬಿತ್ತು.

ಬೆಳಗಿನ ಹಾಲು ಎಲ್ಲಿ ಎಂದು ಕೇಳಿದೆ. ಹುಡುಗ ಅದನ್ನು ಕೆಟ್ಟ ಹಾಲಿನ ಮೇಲೆ ಸುರಿಯಲು ಬಿಟ್ಟಿರಲಿಲ್ಲ. ತೂಕ ಮಾಡಿ, ಪರೀಕ್ಷೆ ಮಾಡಿ, ಕ್ಯಾನಿಗೆ ತುಂಬಿಸಿ, ಗೂಡ್ಸ್ ಆಟೊದಲ್ಲಿ ಪಕ್ಕದೂರಿನ ಕೂಲರ್‌ಗೆ ಕಳಿಸಿಬಿಟ್ಟಿದ್ದ. ಇನ್ನೂರು ಮನೆಯ ಒಂದು ಹೊತ್ತಿನ ಹಾಲು ಉಳಿಸಿದ್ದ. ನನ್ನ ಬಾಯಿಂದ ಬಂದ ಮೊದಲ ಮಾತು: "ಯಾರನ್ನ ಕೇಳಿ ಆಟೊ ಮಾಡ್ದೆ?"

ಆಮೇಲೆ ಏನೇನು ಅಂದೆನೋ. ಡೀಸೆಲ್ಲು ಅವನ ತಲೆಗೇ ಕಟ್ಟಿದೆ, ಎಲ್ಲರೆದುರಿಗೂ. ಅವನು ತಲೆ ತಗ್ಗಿಸಿ ಬಕೆಟ್ಟು ತೊಳೆಯುತ್ತಲೇ ಇದ್ದ. ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಕೊನೆಗೆ, "ಅವನ್ನ ಯಾಕೆ ಬಯ್ತೀಯ ಬಿಡವ್ವ. ರಾತ್ರಿಯೆಲ್ಲ ಕಣ್ಣು ಮುಚ್ಚದೆ ಇಲ್ಲೇ ಕುಂತಿದ್ದ. ನೀನೆಲ್ಲಿದ್ದೆ?" ಎಂದಳು. ಜೋರಾಗೇನೂ ಅನ್ನಲಿಲ್ಲ.

ಟ್ಯಾಂಕಿನ ನಲ್ಲಿ ಬಿಚ್ಚಿದೆವು. ಹಾಲು ಚರಂಡಿಯಲ್ಲಿ ದೇವಸ್ಥಾನದ ಮೂಲೆಯವರೆಗೆ ಬೆಳ್ಳಗೆ ಹರಿಯಿತು. ಯಾರೂ ಬಯ್ಯಲಿಲ್ಲ, ಹೋಗಲೂ ಇಲ್ಲ. ಲೀಟರಿಗೆ 35ರಂತೆ 39,200 ರೂಪಾಯಿ ಎಂದು ನನ್ನ ತಲೆ ಆಗಲೂ ಲೆಕ್ಕ ಹಾಕುತ್ತಿತ್ತು.

ಅಧ್ಯಕ್ಷರು "ಯಂತ್ರದೋಷ ಅಂತ ಬರೆದುಬಿಡಮ್ಮ" ಎಂದರು. ಬರೆದೂ ಬಿಟ್ಟಿದ್ದೆ. ನಾಲ್ಕು ದಿನ ಆ ಕಾಗದ ಮೇಜಿನ ಮೇಲಿತ್ತು. ಐದನೇ ದಿನ ಸಭೆಯಲ್ಲಿ ಡೀಸೆಲ್ ವಿಷಯ, ಪುಸ್ತಕದ ಸುಳ್ಳು ನಾಲ್ಕುಗಳು, ಎಲ್ಲ ಹೇಳಿದೆ. ಧೈರ್ಯದಿಂದಲ್ಲ, ಹುಡುಗ ಅಷ್ಟೂ ದಿನ ನನಗೆ "ಅಕ್ಕಾ" ಎನ್ನದೆ "ಮೇಡಂ" ಎನ್ನುತ್ತಿದ್ದ, ಅದು ತಡೆಯಲಾಗಲಿಲ್ಲ. ನಷ್ಟದಲ್ಲಿ ಅರ್ಧ ನನ್ನ ಸಂಬಳದಿಂದ ಕಂತಿನಲ್ಲಿ, ಉಳಿದದ್ದು ಸಂಘದ ಲಾಭದಿಂದ ಎಂದು ತೀರ್ಮಾನವಾಯಿತು. ಬ್ರಷ್‌ನ 90 ರೂಪಾಯಿಯನ್ನೂ ವಾಪಸು ಕೊಟ್ಟೆ.

ನನ್ನಂಥವರಿಗೆ ಹೇಳಬಹುದಾದದ್ದು ಇಷ್ಟು. ಪುಸ್ತಕವನ್ನು ಆಫೀಸಿನ ಬೀರುವಿನಲ್ಲಿಡಬೇಡಿ, ಟ್ಯಾಂಕಿನ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿ. ನೋಡಿದವರೇ ನೋಡಿದಾಗಲೇ ಬರೆಯಲಿ. ಸಹಾಯಕರ ಕೈಯಲ್ಲಿ ಸಾವಿರ ರೂಪಾಯಿಯಾದರೂ ಇರಲಿ, ಚೀಟಿ ಆಮೇಲೆ ತಂದರಾಯಿತು. ದಿನಾ ಅರ್ಧ ಗಂಟೆ ಮೊದಲು ಬರುತ್ತೇನೆಂದೂ ಶಪಥ ಮಾಡಿದ್ದೆ. ಅದು ಹನ್ನೆರಡು ದಿನ ನಡೆಯಿತು.

ಈಗ ಬೇರೆ ಸೂಪರ್‌ವೈಸರ್ ಬಂದಿದ್ದಾರೆ. ಮೊನ್ನೆ ಪುಸ್ತಕದಲ್ಲಿ ಒಂದು ರಾತ್ರಿ 7 ಎಂದಿತ್ತು, ಪಕ್ಕದಲ್ಲಿ ಹುಡುಗನ ಅಕ್ಷರದಲ್ಲಿ "ಕರೆಂಟ್ ಇಲ್ಲ, ಜನರೇಟರ್ ಹಾಕಿದೆ" ಎಂದಿತ್ತು. ಅವರು ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಇದನ್ಯಾಕೆ ಹಿಂಗೆ ಬರೆಸಿದ್ದೀರಿ ಮೇಡಂ? ಸುಮ್ನೆ 4 ಅಂತ ಹಾಕಬಾರದಾ?"