ಗುಜರಿಗೆ ಸೇರುವ ವಾಹನ: ಕಾನೂನು ಮತ್ತು ಮಾಲೀಕನ ಹೊಣೆ

ವಠಾರದ ಮೂಲೆಯಲ್ಲಿ ತುಕ್ಕು ಹಿಡಿದ ಸ್ಕೂಟರು, ರಸ್ತೆಯ ಬದಿಯಲ್ಲಿ ಗಾಳಿ ಇಳಿದು ಕುಸಿದ ಕಾರು ನಮ್ಮ ನಗರಗಳ ನಿತ್ಯದ ನೋಟ. ನೋಡುವವರಿಗೆ ಅವು ಬರಿಯ ಕಬ್ಬಿಣ. ಆದರೆ ನೋಂದಣಿ ರದ್ದಾಗುವವರೆಗೆ ಕಾನೂನಿನ ದೃಷ್ಟಿಯಲ್ಲಿ ಅವು ವಾಹನಗಳೇ ಆಗಿರುತ್ತವೆ. ಅವುಗಳ ಹೊಣೆಯೂ ನೋಂದಾಯಿತ ಮಾಲೀಕನ ಮೇಲೆಯೇ ಇರುತ್ತದೆ.

ಹಳೆಯದಾದ ಮಾತ್ರಕ್ಕೆ ವಾಹನವು ಗುಜರಿಯಾಗುವುದಿಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ ನವೀಕರಣಕ್ಕೆ ಅವಕಾಶವಿದೆ. ದೆಹಲಿಯ ನಿವಾಸಿಗಳು ಮಾತ್ರ ಹಳೆಯ ವಾಹನಗಳ ಬಗೆಗಿನ ನ್ಯಾಯಾಲಯದ ಆದೇಶಗಳನ್ನೂ ಗಮನಿಸಬೇಕು.

ವಾಹನವು ನಾಶವಾದಾಗ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದಾಗ ಮೋಟಾರು ವಾಹನಗಳ ಅಧಿನಿಯಮ, 1988ರ 55ನೆಯ ಪ್ರಕರಣವು ಅನ್ವಯಿಸುತ್ತದೆ. ಮಾಲೀಕನು 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ಆ ಸಂಗತಿಯನ್ನು ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪತ್ರವನ್ನು ಒಪ್ಪಿಸಬೇಕು. ವಾಹನವು ಕರ್ನಾಟಕದಲ್ಲಿ ನೋಂದಣಿಯಾಗಿದ್ದು ಈಗ ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದರೆ, ವಾಹನವನ್ನು ಸಾಮಾನ್ಯವಾಗಿ ಇಡುವ ಸ್ಥಳದ ಪ್ರಾಧಿಕಾರಕ್ಕೇ ವರದಿ ಸಲ್ಲಿಸಬಹುದು. ಆ ಪ್ರಾಧಿಕಾರವು ಅದನ್ನು ಮೂಲ ಪ್ರಾಧಿಕಾರಕ್ಕೆ ಕಳುಹಿಸುತ್ತದೆ. ರದ್ದತಿಯ ಆದೇಶ ಅಲ್ಲಿ ಆಗುತ್ತದೆ.

ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋದ ವಾಹನದ ವಿಷಯ ಬೇರೆ. 127ನೆಯ ಪ್ರಕರಣದಂತೆ, ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಹಾಗೆ ನಿಂತ ವಾಹನವನ್ನು ಎಳೆದು ಸಾಗಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಅನುಮತಿ ನೀಡಬಹುದು. ಸಾಗಣೆಯ ವೆಚ್ಚವು ದಂಡದ ಜೊತೆಗೆ ಮಾಲೀಕನ ಮೇಲೆಯೇ ಬೀಳುತ್ತದೆ.

ಗುಜರಿ ವ್ಯಾಪಾರಿಗೆ ಕೈಗೆ ಬಂದಷ್ಟು ಹಣಕ್ಕೆ ವಾಹನವನ್ನು ಕೊಟ್ಟು, ಕಾಗದಪತ್ರಗಳನ್ನು ಮರೆತುಬಿಡುವವರು ಅನೇಕರು. ಅದೇ ವಾಹನವು ದುರಸ್ತಿಗೊಂಡು ಮತ್ತೆ ರಸ್ತೆಗೆ ಇಳಿದರೆ? ಹಲವು ಕೈ ಬದಲಾಗಿದ್ದ ಕಾರೊಂದು ಅಪಘಾತಕ್ಕೆ ಕಾರಣವಾದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕನೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಮಾರಿದೆನೆಂಬ ಮಾತಷ್ಟೇ ಅವನನ್ನು ರಕ್ಷಿಸಲಿಲ್ಲ.

ಇಂತಹ ತೊಡಕನ್ನು ತಪ್ಪಿಸಲು 2021ರ ನಿಯಮಗಳಂತೆ ನೋಂದಾಯಿತ ವಾಹನ ಗುಜರಿ ಕೇಂದ್ರಗಳ ವ್ಯವಸ್ಥೆ ಇದೆ. ಅಲ್ಲಿಗೆ ವಾಹನ ಒಪ್ಪಿಸುವವರು ಈ ಸಂಗತಿಗಳನ್ನು ನೆನಪಿಡಬೇಕು:

1. ವಾಹನದ ಮೇಲೆ ಸಾಲವಿದ್ದರೆ, ಮೊದಲು ಅದನ್ನು ತೀರಿಸಿ ದಾಖಲೆಯಿಂದ ತೆಗೆಸಬೇಕು.

2. ಕೇಂದ್ರವು ದಾಖಲೆಗಳನ್ನು ಪರಿಶೀಲಿಸಿ, ಅದು ಕಳವಾದ ವಾಹನವಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ.

3. ವಾಹನವನ್ನು ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಮಾಲೀಕತ್ವವು ಕೇಂದ್ರಕ್ಕೆ ಸೇರಿತೆಂಬುದಕ್ಕೆ ಇದು ಆಧಾರ. ಹೊಸ ವಾಹನದ ತೆರಿಗೆಯಲ್ಲಿ ರಿಯಾಯಿತಿ ಕೋರಲೂ ಇದು ಬೇಕಾಗುತ್ತದೆ.

4. ವಾಹನವನ್ನು ಬಿಡಿಸಿ ಕಳಚಿದ ಮೇಲೆ ಗುಜರಿ ಪ್ರಮಾಣಪತ್ರವನ್ನು ನೀಡಲಾಗುತ್ತದೆ. ನೋಂದಣಿ ರದ್ದಾಗಿದೆಯೇ ಎಂಬುದನ್ನು ಸ್ವತಃ ವಿಚಾರಿಸಿ ತಿಳಿಯುವುದು ಲೇಸು.

ಬ್ಯಾಟರಿಯ ಸೀಸ ಮತ್ತು ಆಮ್ಲ, ಎಂಜಿನ್ನಿನ ಎಣ್ಣೆ ನೆಲಕ್ಕೂ ನೀರಿಗೂ ವಿಷ. ಕೇಂದ್ರಗಳಲ್ಲಿ ಇವನ್ನು ಮೊದಲು ಬೇರ್ಪಡಿಸಿ, ಆಮೇಲೆ ಲೋಹವನ್ನು ಮರುಬಳಕೆಗೆ ಕಳುಹಿಸುತ್ತಾರೆ.

ವಾಹನವನ್ನು ಕೊಳ್ಳುವಾಗ ಕಾಗದಪತ್ರಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಅದನ್ನು ಬೀಳ್ಕೊಡುವಾಗಲೂ ತೋರಬೇಕು. ಕೀಲಿಕೈ ಕೊಟ್ಟ ದಿನವಲ್ಲ, ನೋಂದಣಿ ರದ್ದಾದ ದಿನವೇ ಮಾಲೀಕನು ನಿಶ್ಚಿಂತನಾಗುವ ದಿನ.