ಅಕ್ಕಿಯಲ್ಲಿ ಬರೆದ ಅಕ್ಷರ

ಹೂವಿನಹಡಗಲಿ ತಾಲ್ಲೂಕಿನ ಮೈಲಾರವು ತುಂಗಭದ್ರೆಯ ದಡದ ಪ್ರಸಿದ್ಧ ಕ್ಷೇತ್ರ. ಅಲ್ಲಿಯ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮುಖ್ಯವಾದುದು ಕಾರಣಿಕ. ಕಂಬಳಿ ಹೊದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರುತ್ತಾನೆ. ಅಪಾರ ಜನಸ್ತೋಮವು ಉಸಿರು ಬಿಗಿಹಿಡಿದು ನಿಂತಿರಲು, ಒಂದೇ ನುಡಿಯನ್ನಾಡಿ ಕೆಳಕ್ಕೆ ಬೀಳುತ್ತಾನೆ. ರೈತರು ಆ ನುಡಿಯಲ್ಲಿ ಬರುವ ವರ್ಷದ ಮಳೆಬೆಳೆಯನ್ನು ಅರಸುತ್ತಾರೆ. ಎಲ್ಲರ ಕಣ್ಣೂ ಮೇಲೇರಿದವನ ಮೇಲೆಯೇ. ಬಿಲ್ಲನ್ನು ಅಲುಗದಂತೆ ಹಿಡಿದು ನಿಂತವರನ್ನಾಗಲಿ, ಬೀಳುವವನಿಗೆ ಕೈಯೊಡ್ಡುವವರನ್ನಾಗಲಿ ನೋಡುವವರು ವಿರಳ.

ವಿದ್ಯೆಯ ವಿಷಯವೂ ಹೀಗೆಯೇ. ತೇರ್ಗಡೆಯಾದ ವಿದ್ಯಾರ್ಥಿಯ ಹೆಸರು ಫಲಕವನ್ನೇರುತ್ತದೆ. ಅವನನ್ನು ಹಿಡಿದೆತ್ತಿದ ಕೈಗಳು ಕಾಣುವುದಿಲ್ಲ. ಈ ಸೀಮೆಯಲ್ಲಿ ಆ ಕೈಗಳು ಯಾರವು ಎಂದು ತಿಳಿಯಲು ನಾವು ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗೋಣ.

1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ, ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ವಿಚಾರಿಸಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದನು. ಅಂದಿನ ಬಳ್ಳಾರಿ ಜಿಲ್ಲೆ ಬಹು ವಿಶಾಲವಾದುದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳಲ್ಲದೆ ಆದವಾನಿ, ರಾಯದುರ್ಗಗಳೂ ಅದರಲ್ಲಿದ್ದವು. ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಸುಮಾರು 9 ಲಕ್ಷ 27 ಸಾವಿರ ಜನರಲ್ಲಿ ಶಾಲೆಗೆ ಹೋಗುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಆ ವರದಿಯಲ್ಲಿ ಅಂಕಿಗಳಿಗಿಂತಲೂ ಮನಸ್ಸನ್ನು ಸೆಳೆಯುವ ಒಂದು ಭಾಗವಿದೆ. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಅದನ್ನು ನೇರವಾಗಿ ಶಾಲೆಗೆ ಅಟ್ಟುತ್ತಿರಲಿಲ್ಲ. ಶಾಲೆಯೇ ಮನೆಗೆ ಬರುತ್ತಿತ್ತು! ಗುರುಗಳನ್ನೂ ಶಾಲೆಯ ಎಲ್ಲ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮೂರ್ತಿಯ ಸುತ್ತ ಮಕ್ಕಳು ಕುಳಿತುಕೊಳ್ಳುತ್ತಿದ್ದರು. ಗುರುಗಳು ಹೊಸ ಮಗುವಿನ ಬಳಿ ಕುಳಿತು, ಪೂಜೆಯಾದ ಬಳಿಕ ಅದರಿಂದ ಪ್ರಾರ್ಥನೆಯನ್ನು ನುಡಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಸುತ್ತಿದ್ದರು. ಮನೆಯವರು ಯಥಾಶಕ್ತಿ ಕಾಣಿಕೆಯಿತ್ತು ಗುರುಗಳನ್ನು ಬೀಳ್ಕೊಡುತ್ತಿದ್ದರು. ಮರುದಿನ ಬೆಳಿಗ್ಗೆ ಮಗು ಶಾಲೆಗೆ ಹೋದಾಗ ಅಲ್ಲಿ ಅಪರಿಚಿತರು ಒಬ್ಬರೂ ಇರುತ್ತಿರಲಿಲ್ಲ.

ಆ ಶಾಲೆಗಳ ಎಲ್ಲವೂ ಇಷ್ಟೇ ಮಧುರವಾಗಿತ್ತೆಂದು ಭಾವಿಸಬೇಕಾಗಿಲ್ಲ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರಂತೆ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವ ಲೆಕ್ಕ! ತಡವಾಗಿ ಬಂದವನಿಗೆ ಕೂಡುವ ಲೆಕ್ಕ ಬಹು ಬೇಗ ಬರುತ್ತಿದ್ದಿರಬೇಕು.

ಮನೆಯೂ ಶಾಲೆಯೂ ಇಷ್ಟು ಹತ್ತಿರವಿದ್ದರೂ ಓದುವವರ ಸಂಖ್ಯೆ ಏಕೆ ಕುಸಿಯಿತು? ಕ್ಯಾಂಪ್‌ಬೆಲ್ ಬಡತನದ ಕಡೆಗೆ ಬೆರಳು ಮಾಡಿದ್ದಾನೆ. ವಿದೇಶದ ಮಿಲ್ಲಿನ ಬಟ್ಟೆ ಬಂದು ನೇಕಾರರ ಬದುಕು ಕೆಟ್ಟಿತ್ತು. ಗುರುಗಳ ಶುಲ್ಕವನ್ನು ತೆರಲಾರದವರು ಮಕ್ಕಳನ್ನು ಬಿಡಿಸಿದರು. ಎಳೆಯ ಕೈ ಕೆಲಸಕ್ಕೆ ಒದಗುತ್ತಲೇ ಓದು ನಿಂತುಹೋಯಿತು. ಮಗುವಿನ ಬೆರಳಿಗೆ ಅಕ್ಕಿಯನ್ನು ಹರವಿದ ಮನೆಯಲ್ಲಿ ಒಲೆಯ ಮೇಲಿಡಲು ಅಕ್ಕಿಯಿಲ್ಲದಿದ್ದರೆ ಗುರುಗಳಾದರೂ ಏನು ಮಾಡಿಯಾರು?

ಈ ಹೊರೆಯನ್ನು ಮನೆಯೊಂದೇ ಹೊರಲಾಗದು. ಆದುದರಿಂದ ನಮ್ಮ ನಾಡಿನಲ್ಲಿ ಇತರರೂ ಹೆಗಲು ಕೊಟ್ಟರು. ಪರವೂರಿನಿಂದ ಬಂದ ಬಡ ವಿದ್ಯಾರ್ಥಿಗೆ ಊರಿನ ಏಳು ಮನೆಗಳವರು ವಾರಕ್ಕೊಂದು ದಿನದಂತೆ ಊಟವಿಕ್ಕುವುದೇ ವಾರಾನ್ನ. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. 2002ರಲ್ಲಿ ಬಳ್ಳಾರಿಯೂ ಸೇರಿದಂತೆ ಉತ್ತರದ 7 ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟ ಆರಂಭವಾದಾಗ ಸರ್ಕಾರವು ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ದಾಸೋಹವೆಂಬುದು ಶರಣರ ಮಾತು. ಅಕ್ಕಿಯೂ ಅಕ್ಷರವೂ ಪುನಃ ಒಂದೆಡೆ ಕೂಡಿದವು. ಆದರೆ ಈ ಬಾರಿ ಅಕ್ಕಿಯನ್ನು ಮನೆಯವರು ತರಬೇಕಾಗಿರಲಿಲ್ಲ.

2001ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಲು ಆದೇಶವಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಇಂಥ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು. ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ಇಡೀ ಜಿಲ್ಲೆಯಲ್ಲಿ 60 ಹುಡುಗಿಯರು ಮಾತ್ರ ಓದುತ್ತಿದ್ದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೂ ಸಭೆಯೆಂದರೆ ಪುಸ್ತಕಕ್ಕೆ ಸಹಿ ಹಾಕಿಸುವುದು, ಪೋಷಕರೆಂದರೆ ಗೋಡೆಗೆ ಸುಣ್ಣ ಹೊಡೆಸಿಕೊಡುವವರು ಎಂದು ಎಣಿಸುವವರೂ ಇದ್ದಾರೆ. ಅವರಿಗೆ ಆ ಹಳೆಯ ಗುರುಗಳನ್ನು ನೆನಪಿಸಬೇಕು. ಅವರು ತಾಯಿಯನ್ನು ಶಾಲೆಗೆ ಕರೆಸಿಕೊಳ್ಳುವುದಕ್ಕೆ ಮೊದಲು ತಾವೇ ಅವಳ ಮನೆಯ ಹೊಸ್ತಿಲನ್ನು ದಾಟಿದ್ದರು.

2021ರಿಂದ ಈ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿವೆ. ಹೊಳೆಯ ದಡವೊಂದನ್ನು ಬಿಟ್ಟರೆ ಉಳಿದುದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಭೂಮಿ. ಸುಗ್ಗಿ ಮುಗಿದೊಡನೆ ಎಷ್ಟೋ ಕುಟುಂಬಗಳು ಮಲೆನಾಡಿನ ಕಾಫಿತೋಟಗಳಿಗೂ ಕಬ್ಬಿನ ಸೀಮೆಗೂ ಬೆಂಗಳೂರಿಗೂ ದುಡಿಯಲು ಹೊರಡುತ್ತವೆ. ಜೊತೆಯಲ್ಲಿ ಮಕ್ಕಳೂ ಹೊರಟರೆ ವರ್ಷದ ಓದು ಮಣ್ಣುಗೂಡುತ್ತದೆ. ಹಾಗೆ ಹೊರಡುವ ಮುನ್ನ ಶಿಕ್ಷಕರು ಮನೆಗೆ ಹೋಗಿ ಮಾತನಾಡಿದರೆ, ಅಜ್ಜಿಯೋ ನೆರೆಯವರೋ ಮಗುವನ್ನು ರಾತ್ರಿ ಮಲಗಿಸಿಕೊಳ್ಳಲು ಒಪ್ಪಿದರೆ, ಮಧ್ಯಾಹ್ನದ ಊಟ ಶಾಲೆಯಲ್ಲಿ ದೊರೆತರೆ, ಆ ಮಗು ಊರಿನಲ್ಲಿಯೇ ಉಳಿಯುತ್ತದೆ. ಓದುಬರಹ ಬಾರದ ಅಜ್ಜಿಯು ಪಾಠವನ್ನು ಹೇಳಿಕೊಡಲಾರಳು. ಆದರೆ ದೀಪದ ಮುಂದೆ ಮೊಮ್ಮಗಳನ್ನು ಕೂರಿಸಿ, ಇವತ್ತು ಶಾಲೆಯಲ್ಲಿ ಏನು ಕಲಿತೆ, ಹೇಳು ಎಂದು ಕೇಳಬಲ್ಲಳು.

ಮೈಲಾರದ ಜಾತ್ರೆ ಮುಗಿದು ಬಂಡಿಗಳು ಹಿಂದಿರುಗುವ ಹೊತ್ತಿಗೆ ವಾರ್ಷಿಕ ಪರೀಕ್ಷೆಗಳು ಸಮೀಪಿಸಿರುತ್ತವೆ. ಮರುದಿನ ಗುರುಗಳು ಹಾಜರಿ ಪುಸ್ತಕವನ್ನು ತೆರೆದು ಒಂದೊಂದೇ ಹೆಸರನ್ನು ಕರೆಯುತ್ತಾರೆ. ಉತ್ತರ ಬಾರದ ಹೆಸರುಗಳ ಮುಂದೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ಸಂಜೆ ಆ ಮನೆಗಳ ಕಡೆಗೆ ಹೊರಡುತ್ತಾರೆ.